ಜಕ್ಕೂರಿನ ಕುಲುಮೆಯಲ್ಲಿ ಮ್ಯಾಂಗನೀಸ್

ಜಕ್ಕೂರು ಎಂದರೆ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಪುಟ್ಟ ವಿಮಾನಗಳು ಏರಿಳಿಯುವ ಮೈದಾನ, ಆಮೇಲೆ ಕೆರೆ. ರಸಾಯನಶಾಸ್ತ್ರ ಓದಿದವರಿಗೆ ಈ ಊರಿನ ಗುರುತೇ ಬೇರೆ. ನೆಹರೂ ಜನ್ಮಶತಾಬ್ದಿಯ ವರ್ಷ 1989ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇರುವುದು ಇಲ್ಲಿ. ಅದನ್ನು ಕಟ್ಟಿ ಬೆಳೆಸಿದ ಸಿ.ಎನ್.ಆರ್. ರಾವ್ ದಶಕಗಳ ಕಾಲ ಬೆನ್ನು ಹತ್ತಿದ್ದು ಲೋಹಗಳ ಆಕ್ಸೈಡುಗಳನ್ನು, ಅವುಗಳಲ್ಲೂ ಪೆರೋವ್‌ಸ್ಕೈಟ್‌ಗಳನ್ನು.

1839ರಲ್ಲಿ ಗುಸ್ತಾವ್ ರೋಸ್ ಉರಲ್ ಪರ್ವತದ ಖನಿಜದಲ್ಲಿ ಗುರುತಿಸಿದ ಕ್ಯಾಲ್ಸಿಯಂ ಟೈಟನೇಟ್ ಈ ಕುಲದ ಮೂಲಪುರುಷ. ರಚನೆ ಸರಳ: ಘನದ ಮೂಲೆಗಳಲ್ಲಿ ದೊಡ್ಡ ಅಯಾನು, ನಡುವೆ ಚಿಕ್ಕದೊಂದು, ಅದರ ಸುತ್ತ ಆರು ಆಮ್ಲಜನಕ. ಬೇರಿಯಂ ಟೈಟನೇಟ್ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ನಡುವಿನ ಟೈಟಾನಿಯಂ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಅಷ್ಟಕ್ಕೇ ಹರಳಿಗೆ ವಿದ್ಯುತ್ ಧ್ರುವಗಳು ಮೂಡುತ್ತವೆ. ನಮ್ಮ ಜೇಬಿನ ಮೊಬೈಲುಗಳಲ್ಲಿ ಇದರಿಂದ ಮಾಡಿದ ಕೆಪಾಸಿಟರುಗಳು ನೂರಾರು.

ಮ್ಯಾಂಗನೀಸಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಆಕ್ಸೈಡು, ಕಾರ್ಬೊನೇಟುಗಳ ಪುಡಿಯನ್ನು ನುಣ್ಣಗೆ ಅರೆದು, ಗುಳಿಗೆ ಒತ್ತಿ, ಸಾವಿರ ಡಿಗ್ರಿ ಮೀರಿದ ಕುಲುಮೆಯಲ್ಲಿಟ್ಟು, ತೆಗೆದು, ಮತ್ತೆ ಅರೆದು ಮತ್ತೆ ಕಾಯಿಸುವುದು ಇಂಥ ಪ್ರಯೋಗಾಲಯಗಳ ನಿತ್ಯದ ಅಡುಗೆ. ಹೀಗೆ ಸಿಗುವ ಶುದ್ಧ ಲ್ಯಾಂಥನಂ ಮ್ಯಾಂಗನೈಟ್ ವಿದ್ಯುತ್ತನ್ನು ಹರಿಯಗೊಡದು. ಲ್ಯಾಂಥನಂನ ಮೂರರಲ್ಲೊಂದು ಪಾಲಿಗೆ ಬದಲಾಗಿ ಕ್ಯಾಲ್ಸಿಯಂ ಹಾಕಿದರೆ ಕೆಲವು ಮ್ಯಾಂಗನೀಸ್ ಅಯಾನುಗಳಲ್ಲಿ ಒಂದು ಎಲೆಕ್ಟ್ರಾನ್ ಕಡಿಮೆಯಾಗುತ್ತದೆ. ನೆರೆಯ ಎಲೆಕ್ಟ್ರಾನ್ ಆಮ್ಲಜನಕವನ್ನು ದಾಟಿ ಆ ತೆರವಿಗೆ ಬರಬಹುದು, ಆದರೆ ಎರಡು ಅಯಾನುಗಳ ಕಾಂತದಿಕ್ಕೂ ಒಂದೇ ಆಗಿದ್ದರೆ ಸಲೀಸು, ಇಲ್ಲವಾದರೆ ಕಷ್ಟ. 1951ರಲ್ಲಿ ಕ್ಲಾರೆನ್ಸ್ ಝೀನರ್ ಕೊಟ್ಟ ವಿವರಣೆ ಇದು. ಹಾಗಾಗಿ ಸುಮಾರು 250 ಕೆಲ್ವಿನ್‌ನಲ್ಲಿ ಈ ವಸ್ತು ಕಾಂತವಾಗುವುದೂ ವಾಹಕವಾಗುವುದೂ ಜೊತೆಜೊತೆಗೇ. ಆ ಹೊತ್ತಿನಲ್ಲಿ ಬಲವಾದ ಕಾಂತಕ್ಷೇತ್ರ ಒಡ್ಡಿದರೆ ರೋಧ ಧಡಕ್ಕನೆ ಕುಸಿಯುತ್ತದೆ; ಕಾಂತಕ್ಷೇತ್ರಕ್ಕೆ ರೋಧ ಹೀಗೆ ಬದಲಾಗುವುದೇ ಕಾಂತರೋಧ.

ಲ್ಯಾಂಥನಂ ಬದಲು ಅದಕ್ಕಿಂತ ಚಿಕ್ಕದಾದ ಪ್ರೇಸಿಯೋಡಿಮಿಯಂ ಇಟ್ಟರೆ? ಮ್ಯಾಂಗನೀಸ್–ಆಮ್ಲಜನಕ–ಮ್ಯಾಂಗನೀಸ್ ಕೊಂಡಿ ಇನ್ನಷ್ಟು ಬಾಗುತ್ತದೆ. ಎಲೆಕ್ಟ್ರಾನುಗಳು ಓಡಾಟ ನಿಲ್ಲಿಸಿ, ಒಂದು ಕ್ರಮದಲ್ಲಿ ಸಾಲುಗಟ್ಟಿ ನೆಲೆನಿಲ್ಲುತ್ತವೆ. ವಸ್ತು ಮತ್ತೆ ಅವಾಹಕ. ಅಯಾನಿನ ಗಾತ್ರ ಬದಲಿಸಿ ಈ ಆಟವನ್ನು ಪಳಗಿಸುವುದು ರಾವ್ ತಂಡ ಕೈಹಾಕಿದ ಮುಖ್ಯ ಕೆಲಸಗಳಲ್ಲೊಂದು. ಫ್ರಾನ್ಸಿನ ಬರ್ನಾರ್ ರವೊ ಜೊತೆ ಅವರು 1998ರಲ್ಲಿ ಸಂಪಾದಿಸಿದ ಗ್ರಂಥ ಪೂರ್ತಿ ಮ್ಯಾಂಗನೀಸ್ ಆಕ್ಸೈಡುಗಳ ಕುರಿತದ್ದೇ.

ಇಷ್ಟಾಗಿಯೂ ಕಾಂತರೋಧವನ್ನು ಬಳಸಿ ಮಾಹಿತಿ ಓದುವ ಹಾರ್ಡ್ ಡಿಸ್ಕಿನ ಮಾರುಕಟ್ಟೆ ಮ್ಯಾಂಗನೈಟ್‌ಗಳಿಗೆ ಒಲಿಯಲಿಲ್ಲ. ಅವು ಕೇಳುವುದು ಹಲವು ಟೆಸ್ಲಾ ಕಾಂತಕ್ಷೇತ್ರ, ಸಾಲದ್ದಕ್ಕೆ ಚಳಿ. 1988ರಲ್ಲಿ ಲೋಹದ ತೆಳುಪದರಗಳಲ್ಲಿ ಕಂಡ ಇನ್ನೊಂದು ಬಗೆಯ ಕಾಂತರೋಧ ಕೋಣೆಯ ಉಷ್ಣತೆಯಲ್ಲೇ, ತೀರಾ ಸಣ್ಣ ಕ್ಷೇತ್ರಕ್ಕೂ ಸ್ಪಂದಿಸಿ ಆ ಜಾಗ ಹಿಡಿಯಿತು. 2007ರ ನೊಬೆಲ್ ಕೂಡ ಅದಕ್ಕೇ ಹೋಯಿತು.