ಕಂಬಳದ ಕರೆಯ ಬದಿಯಲ್ಲಿ ಕ್ಯಾಮೆರಾ: ಯಾರ ಅನುಮತಿ, ಎಷ್ಟು ದೂರ?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಭತ್ತದ ಕೊಯ್ಲು ಮುಗಿದು ಚಳಿ ಕಾಲಿಡುವ ಹೊತ್ತಿಗೆ ಘಟ್ಟದ ಕೆಳಗಿನ ಊರುಗಳಲ್ಲಿ ಕಂಬಳದ ಋತು ಆರಂಭವಾಗುತ್ತದೆ. ಮೂಡುಬಿದಿರೆಯ ಕೋಟಿ-ಚೆನ್ನಯ, ಮಿಯ್ಯಾರಿನ ಲವ-ಕುಶ, ಉಪ್ಪಿನಂಗಡಿಯ ವಿಜಯ-ವಿಕ್ರಮ, ಐಕಳದ ಕಾಂತಾಬಾರೆ-ಬೂದಾಬಾರೆ ಜೋಡುಕರೆಗಳನ್ನು ನೋಡಲು ಘಟ್ಟದ ಮೇಲಿನಿಂದಲೂ ಜನ ಇಳಿದು ಹೋಗುತ್ತಾರೆ. ಒಂದು ಕಾಲದಲ್ಲಿ ಅಲ್ಲಿ ಕ್ಯಾಮೆರಾ ಹಿಡಿದವರು ಪತ್ರಿಕೆಯ ಒಬ್ಬಿಬ್ಬರು ಮಾತ್ರ. ಇಂದು ಕರೆಯ ಎರಡೂ ದಂಡೆಗಳಲ್ಲಿ ಫೋನು ಎತ್ತಿ ಹಿಡಿದ ಕೈಗಳದೇ ಸಾಲು. ಚಿತ್ರ ತೆಗೆಯುವುದು ತಪ್ಪೇನಲ್ಲ. ಆದರೆ ಕೋಣಕ್ಕೆ ತನ್ನ ಚಿತ್ರ ಬೇಡವೆಂದು ಹೇಳಲು ಬಾಯಿಲ್ಲ. ಅದರ ಪರವಾಗಿ ಒಪ್ಪಿಗೆ ಕೊಡುವವರು ಯಾರು, ಆ ಒಪ್ಪಿಗೆಯ ಎಲ್ಲೆ ಎಷ್ಟು ಎಂಬ ಪ್ರಶ್ನೆ ಮಾತ್ರ ವಿರಳವಾಗಿ ಏಳುತ್ತದೆ.

ಒಂದು ಚಿತ್ರ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ 2020ರ ಫೆಬ್ರವರಿಯೇ ನಿದರ್ಶನ. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಯಾರೋ ಅದನ್ನು ಭಾಗಿಸಿ 100 ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟರ 9.58ರ ಪಕ್ಕದಲ್ಲಿ ಇಟ್ಟರು. ಕೆಸರುನೀರಿನಲ್ಲಿ ಓಡುವ ಅವರ ಚಿತ್ರ ಕೆಲವೇ ದಿನಗಳಲ್ಲಿ ದೇಶವನ್ನೆಲ್ಲ ಸುತ್ತಿತು, ಕೇಂದ್ರದ ಕ್ರೀಡಾ ಸಚಿವರಿಂದ ಆಯ್ಕೆ ಪರೀಕ್ಷೆಗೆ ಕರೆಯೂ ಬಂತು. ಗೌಡರು ಅದನ್ನು ಒಪ್ಪಲಿಲ್ಲ. ಗೆಲುವಿನಲ್ಲಿ ಕೋಣಗಳ ಪಾಲೂ ಇದೆ ಎಂಬುದನ್ನು ಅವರು ಮರೆಯಲಿಲ್ಲ. ಲೆಕ್ಕ ಹಾಕಿದವರು ಮರೆತದ್ದು ಅದನ್ನೇ. ಹಗ್ಗ ಹಿಡಿದವನನ್ನು ಎರಡು ಕೋಣಗಳು ಸೆಳೆದೊಯ್ಯುತ್ತಿರುತ್ತವೆ. ಅವನ್ನು ಕತ್ತರಿಸಿ ಮನುಷ್ಯನೊಬ್ಬನನ್ನೇ ಉಳಿಸಿಕೊಂಡ ಚಿತ್ರ ಓಟದ ಸತ್ಯವನ್ನೂ ಕತ್ತರಿಸಿಬಿಡುತ್ತದೆ.

ಆದ್ದರಿಂದ ಕೋಣದಿಂದಲೇ ಆರಂಭಿಸುವುದು ಉಚಿತ. ಕೋಣ, ದನ, ಎಮ್ಮೆಗಳ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿವೆ. ತಲೆ ತಿರುಗಿಸದೆಯೇ ತಮ್ಮ ಸುತ್ತಲಿನ ಬಹುಭಾಗವನ್ನು ಅವು ಕಾಣುತ್ತವೆ. ನೇರ ಹಿಂದೆ ಇರುವುದೊಂದೇ ಕಾಣದು. ಹಿಂದಿನಿಂದ ಸದ್ದಿಲ್ಲದೆ ಬಂದು ಬಗ್ಗಿ ಚಿತ್ರ ತೆಗೆಯುವವನು ಪ್ರಾಣಿಯ ಪಾಲಿಗೆ ಎಲ್ಲಿಂದಲೋ ಉದ್ಭವಿಸಿದವನು. ಕೆಂಪು ಬಟ್ಟೆ ಕಂಡರೆ ಕೋಣ ಕೆರಳುತ್ತದೆ ಎಂಬ ಮಾತು ಊರೂರಿನಲ್ಲಿದೆ. ಈ ಜಾತಿಯ ಪ್ರಾಣಿಗಳಿಗೆ ಕೆಂಪನ್ನು ಬೇರೆಯಾಗಿ ಗುರುತಿಸುವ ಶಕ್ತಿಯೇ ಇಲ್ಲ. ಅವನ್ನು ಬೆದರಿಸುವುದು ಬಣ್ಣವಲ್ಲ, ಹಠಾತ್ ಚಲನೆ: ಎತ್ತಿದ ಕೈ, ಬಿಚ್ಚಿದ ಕೊಡೆ, ಮುಖದೆದುರು ಚಾಚಿದ ಸೆಲ್ಫಿ ಕೋಲು.

ಕಂಬಳ ಹಗಲಿಗೆ ಮುಗಿಯುವುದಿಲ್ಲ, ರಾತ್ರಿಯೆಲ್ಲ ನಡೆಯುತ್ತದೆ. ಮಂದಬೆಳಕಿನಲ್ಲೂ ಕಾಣಲೆಂದು ಈ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿ ಪ್ರತಿಫಲಿಸುವ ಪದರವೊಂದಿದೆ. ರಾತ್ರಿ ಕೊಟ್ಟಿಗೆಯಲ್ಲಿ ಟಾರ್ಚು ಬಿಟ್ಟರೆ ಹೊಳೆಯುವುದು ಅದೇ. ಅಂತಹ ಕಣ್ಣಿಗೆ ಹತ್ತಿರದಿಂದ ಹಾರಿಸಿದ ಫ್ಲ್ಯಾಷ್ ಏನು ಮಾಡೀತು ಎಂಬುದನ್ನು ಊಹಿಸಲು ಶಾಸ್ತ್ರಜ್ಞಾನ ಬೇಕಿಲ್ಲ. ಕರೆಗೆ ಹೊನಲು ಬೆಳಕಿನ ದೀಪಗಳಿರುವುದರಿಂದ ಫ್ಲ್ಯಾಷ್ ಬೇಕಾಗುವುದೂ ಇಲ್ಲ. ಫೋನಿನಲ್ಲಿ ಅದು ತಾನಾಗಿ ಉರಿಯದಂತೆ ಮೊದಲೇ ನೋಡಿಕೊಂಡರೆ ಸಾಕು. ಕೋಣದ ಕಣ್ಣು ಕುಕ್ಕಿದ ಬೆಳಕು ಹಗ್ಗ ಹಿಡಿದವನ ಕಣ್ಣನ್ನೂ ಬಿಡುವುದಿಲ್ಲ.

ನಿಲ್ಲುವ ಜಾಗದ ಮಾತೂ ಇದೆ. ಎದುರಿನಿಂದ ಚೆಂದದ ಚಿತ್ರ ಸಿಗುತ್ತದೆಂದು ಅನೇಕರು ಓಟ ಮುಗಿಯುವ ಮಂಜೊಟ್ಟಿಯಲ್ಲಿ ಸೇರುತ್ತಾರೆ. ವೇಗವಾಗಿ ಬಂದ ಜೋಡಿ ಗೆರೆ ದಾಟಿದೊಡನೆ ನಿಲ್ಲುವುದಿಲ್ಲ, ಏರಿನ ಮೇಲೆ ನುಗ್ಗುತ್ತದೆ. ಅಲ್ಲಿ ಅದನ್ನು ಹಿಡಿದು ನಿಲ್ಲಿಸುವವರಿಗೆ ಜಾಗ ಬೇಕು. ಕನೆಹಲಗೆಯ ಸ್ಪರ್ಧೆಯಲ್ಲಂತೂ ಕೆಸರುನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ಚಿಮ್ಮಿತೇ ಇಲ್ಲವೇ ಎಂಬುದೇ ತೀರ್ಪು. ತೀರ್ಪುಗಾರರ ನೋಟಕ್ಕೆ ಅಡ್ಡ ನಿಂತ ಕ್ಯಾಮೆರಾ ಒಂದು ಜೋಡಿಯ ಶ್ರಮವನ್ನೇ ಕೆಡಿಸಬಹುದು. ಓಟ ಮುಗಿದ ಬಳಿಕ ಪ್ರಾಣಿಗೆ ಬೇಕಾದದ್ದು ನೀರು, ನೆರಳು, ಗಾಳಿ. ದನಕ್ಕಿಂತ ಎಮ್ಮೆ-ಕೋಣಗಳಿಗೆ ಬೆವರು ಗ್ರಂಥಿಗಳು ಕಡಿಮೆ, ಮೈ ಕಪ್ಪು. ಬಿಸಿ ಬೇಗ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಗೆದ್ದ ಜೋಡಿಯ ಸುತ್ತ ಇಪ್ಪತ್ತು ಜನ ಫೋನು ಹಿಡಿದು ಮುತ್ತಿಕೊಂಡರೆ ಗೆದ್ದುದಕ್ಕೆ ಅವುಗಳಿಗೆ ಸಿಕ್ಕ ಬಹುಮಾನ ಉಸಿರುಕಟ್ಟುವಿಕೆ. ಮೈ ತೊಳೆದು, ಉಸಿರು ಹದಕ್ಕೆ ಬರುವವರೆಗೆ ಕಾಯಬೇಕು.

ಘಟ್ಟದ ಮೇಲಿನ ಜಾನುವಾರು ಪ್ರದರ್ಶನಗಳಿಗೂ ಈ ಮಾತು ಸಲ್ಲುತ್ತದೆ. ಹಾಲು ಕರೆಯುವ ಸ್ಪರ್ಧೆಯಲ್ಲಿ ಬೆದರಿದ ಹಸು ಸೊರ ಬಿಡುವುದಿಲ್ಲ. ಹೆದರಿಕೆಯಲ್ಲಿ ರಕ್ತಕ್ಕೆ ಸೇರುವ ರಸ ಹಾಲಿಳಿಸುವ ರಸದ ಕೆಲಸವನ್ನು ತಡೆಯುತ್ತದೆ ಎಂಬುದು ಪಶುವೈದ್ಯರಿಗೆ ತಿಳಿದ ಸಂಗತಿ. ಕರೆಯುವ ಅಜ್ಜಿಯರಿಗೆ ಅದಕ್ಕಿಂತ ಮೊದಲೇ ತಿಳಿದಿತ್ತು. ಒಂದು ಚಿತ್ರದ ಆಸೆಯಿಂದ ಒಂದು ಸೇರು ಹಾಲು, ಒಂದು ಮನೆಯ ಬಹುಮಾನ ಹೋಗಬಹುದು. ಮಲೆನಾಡು ಗಿಡ್ಡದಂತಹ ಸಣ್ಣ ತಳಿಯ ಚಿತ್ರವನ್ನು ಮೇಲಿನಿಂದ ತೆಗೆದರೆ ಕಾಲು ಮೊಟಕಾಗಿ, ತಲೆ ದೊಡ್ಡದಾಗಿ ಕಾಣುತ್ತದೆ. ಪ್ರಾಣಿಯ ಭುಜದ ಎತ್ತರಕ್ಕೆ ಬಾಗಿ, ಪಕ್ಕದಿಂದ, ಸ್ವಲ್ಪ ದೂರದಿಂದ ತೆಗೆದ ಚಿತ್ರವೇ ತಳಿಗೆ ನ್ಯಾಯ ಸಲ್ಲಿಸುತ್ತದೆ.

ಇನ್ನು ಅನುಮತಿ. ಕೋಣಗಳ ಬಿಡಾರಕ್ಕೆ ಹೋಗಿ, "ಯಜಮಾನ್ರೆ, ಜೋಡಿಯದ್ದೊಂದು ಫೋಟೋ ತೆಗೆಯಬಹುದಾ?" ಎಂದು ಕೇಳಲು ಅರ್ಧ ನಿಮಿಷ ಸಾಕು. ಕೆಲವರು ಸಂತೋಷದಿಂದ ಕೋಣವನ್ನು ಬೆಳಕಿಗೇ ತಂದು ನಿಲ್ಲಿಸುತ್ತಾರೆ. ಕೆಲವರು ದೃಷ್ಟಿಯಾಗುತ್ತದೆಂದು ಒಲ್ಲೆ ಎನ್ನುತ್ತಾರೆ, ಮುಖ್ಯವಾಗಿ ಓಟಕ್ಕೆ ಮೊದಲು. ದೃಷ್ಟಿಯನ್ನು ನಂಬದ ವಿದ್ಯಾರ್ಥಿಯೂ ಅಲ್ಲಿ ವಾದಕ್ಕೆ ನಿಲ್ಲಬಾರದು. ಪ್ರಾಣಿಯನ್ನು ಸಾಕಿದವನ ಆತಂಕಕ್ಕೆ ಬೆಲೆಯಿದೆ. ಯಜಮಾನರ ಒಪ್ಪಿಗೆ ಸಿಕ್ಕಿತೆಂದರೆ ಓಟಗಾರನ, ಕೋಣ ನೋಡಿಕೊಳ್ಳುವವನ ಒಪ್ಪಿಗೆಯೂ ಸಿಕ್ಕಿತೆಂದು ತಿಳಿಯುವುದು ಸರಿಯಲ್ಲ. ಕೆಸರಿನಲ್ಲಿ ಮುಗ್ಗರಿಸಿ ಬಿದ್ದವನ ಚಿತ್ರವನ್ನು ನಗೆಗಾಗಿ ಹಂಚುವವರಿದ್ದಾರೆ. ಕಂಬಳದ ಇತಿಹಾಸ ಈ ವಿಷಯದಲ್ಲಿ ನಿಷ್ಕಳಂಕವೇನಲ್ಲ. ಕರೆಯ ಸುತ್ತ ಕೊರಗ ಸಮುದಾಯವನ್ನು ಅವಮಾನಕ್ಕೆ ಗುರಿಪಡಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ಕ್ಯಾಮೆರಾ ಹಿಡಿದವರು ಅದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು. ಚಿತ್ರದ ಕೆಳಗೆ ಯಜಮಾನರ ಮನೆಯ ಹೆಸರಿನೊಂದಿಗೆ ಓಟಗಾರನ ಹೆಸರೂ ಕೋಣಗಳ ಹೆಸರೂ ಇರಲಿ.

ಕಾನೂನು ಇಲ್ಲಿ ಹೇಳುವುದು ಸ್ವಲ್ಪವೇ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವನದು, ಹಣ ಕೊಟ್ಟು ತೆಗೆಸಿದ್ದಾದರೆ ತೆಗೆಸಿದವನದು. ಕೋಣದ ಒಡೆತನ ಚಿತ್ರದ ಒಡೆತನವಾಗುವುದಿಲ್ಲ. ಆದರೆ ಗದ್ದೆ, ಬಿಡಾರಗಳಿಗೆ ಸಂಘಟಕರು ವಿಧಿಸುವ ನಿಯಮಗಳನ್ನು ಪ್ರೇಕ್ಷಕ ಪಾಲಿಸಬೇಕು. ಚಲನಚಿತ್ರಕ್ಕಾಗಿ, ಜಾಹೀರಾತಿಗಾಗಿ ಪ್ರಾಣಿಯನ್ನು ಬಳಸುವುದಾದರೆ ವಿಷಯವೇ ಬೇರೆ: 2001ರ ನಿಯಮಗಳಂತೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಡ್ರೋನ್ ಹಾರಿಸುವವರಿಗೆ 2021ರ ಡ್ರೋನ್ ನಿಯಮಗಳಿವೆ; ನಿಯಮ ಪಾಲಿಸಿದರೂ ತಲೆಯ ಮೇಲಿನ ಅದರ ಗುಂಯ್‌ಗುಟ್ಟುವಿಕೆ ಕೋಣಕ್ಕೆ ಅಪರಿಚಿತವೇ.

ಅತ್ಯಂತ ಕಠಿಣವಾದ ಪ್ರಶ್ನೆ ಇನ್ನೂ ಉಳಿದಿದೆ. ಯಜಮಾನರ ಒಪ್ಪಿಗೆ ಪಡೆದು ನಿಂತವನ ಎದುರಿಗೇ ಕೋಣದ ಬೆನ್ನಿನ ಮೇಲೆ ಬಾರುಕೋಲು ಮತ್ತೆ ಮತ್ತೆ ಬಿದ್ದರೆ? ಅದನ್ನು ತೆಗೆಯುವುದು ದ್ರೋಹವೇ? 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು ಹಾಗೂ ಎತ್ತಿನಗಾಡಿ ಓಟಗಳನ್ನು ನಿಷೇಧಿಸಿದ ಬಳಿಕ, 2016ರಲ್ಲಿ ಹೈಕೋರ್ಟು ಕಂಬಳಕ್ಕೂ ತಡೆ ನೀಡಿತು. ಅನಂತರ ಕರ್ನಾಟಕ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿ ಬೇಷರತ್ತಾದುದಲ್ಲ. ಪ್ರಾಣಿಗೆ ಅನಗತ್ಯ ನೋವು, ಹಿಂಸೆ ಕೊಡಬಾರದು ಎಂಬ ಕಟ್ಟಳೆಯ ಮೇಲೆಯೇ ಕಂಬಳ ನಿಂತಿದೆ. ಕಟ್ಟಳೆ ಪಾಲನೆಯಾಗುತ್ತಿದೆಯೇ ಎಂಬುದನ್ನು ಕಣ್ಣು ನೋಡಬಲ್ಲದು, ಕ್ಯಾಮೆರಾ ದಾಖಲಿಸಬಲ್ಲದು. ಒಪ್ಪಿಗೆ ಕೇಳುವುದು ಪ್ರಾಣಿಯ ಸನಿಹಕ್ಕೆ ಹೋಗಲು, ಅದನ್ನು ನಿಲ್ಲಿಸಿ ಚಿತ್ರ ತೆಗೆಯಲು. ಸಾರ್ವಜನಿಕ ಕರೆಯಲ್ಲಿ ಎಲ್ಲರೆದುರು ನಡೆದ ಹಿಂಸೆಯನ್ನು ಬಚ್ಚಿಡುವ ಕರಾರು ಅದರಲ್ಲಿ ಅಡಗಿಲ್ಲ. ಅಂತಹ ಕರಾರು ಕೇಳಿದವರಿಗೆ ಇಲ್ಲವೆನ್ನಬೇಕು, ಚಿತ್ರ ಕೈಬಿಟ್ಟು ಹೋದರೂ ಸರಿಯೆ.

ಆದರೆ ಹಿಂಸೆಯ ಚಿತ್ರ ತೆಗೆದವನ ಹೊಣೆ ಹೆಚ್ಚು. ಒಂದು ಕ್ಷಣದ ಚಿತ್ರದಲ್ಲಿ ಎತ್ತಿದ ಬಾರುಕೋಲು ಬಿದ್ದಿತೋ ಗಾಳಿಯಲ್ಲೇ ಬೀಸಿತೋ ತಿಳಿಯುವುದಿಲ್ಲ. ಹಳೆಯ ವರ್ಷದ, ಬೇರೆ ಊರಿನ ದೃಶ್ಯವನ್ನು ಇಂದಿನದೆಂದು ಹಂಚಿದರೆ ನಿರಪರಾಧಿ ಮನೆತನವೊಂದು ಊರೆದುರು ತಲೆತಗ್ಗಿಸಬೇಕಾಗುತ್ತದೆ. ಓಟದ ಆರಂಭದಿಂದ ಕೊನೆಯವರೆಗಿನ ವಿಡಿಯೊ, ಕರೆಯ ಹೆಸರು, ವಿಭಾಗ, ಹೊತ್ತು ಇವಿಷ್ಟೂ ಬೇಕು. ಮೊದಲು ಅದನ್ನು ತೋರಿಸಬೇಕಾದುದು ಗದ್ದೆಯಲ್ಲೇ ಇರುವ ಸಂಘಟಕರಿಗೆ ಮತ್ತು ಪಶುವೈದ್ಯರಿಗೆ, ಅವರು ಕಿವಿಗೊಡದಿದ್ದರೆ ಪೊಲೀಸರಿಗೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದ ಪ್ರತಿ ಕುಗ್ಗುತ್ತದೆ, ತೆಗೆದ ದಿನಾಂಕ-ಸಮಯದ ಗುರುತೂ ಅದರಿಂದ ಅಳಿದುಹೋಗುತ್ತದೆ. ಆದುದರಿಂದ ಮೂಲ ಪ್ರತಿಯನ್ನು ಕತ್ತರಿಸದೆ, ತಿದ್ದದೆ, ತೆಗೆದ ಫೋನಿನಲ್ಲೇ ಉಳಿಸಿಕೊಳ್ಳಬೇಕು.