ಕೋವಿ ಬರಿದಾಗಿದೆಯೆ?



ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯ ಕಡೆ ರಾಗಿಯ ಹೊಲ, ತೆಂಗಿನ ತೋಟಗಳ ಕಾವಲು ಎಷ್ಟು ಕಷ್ಟವೆಂಬುದು ನಿಮಗೆ ಗೊತ್ತೇ ಇದೆ. ಬೆಳೆಯ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಲೈಸೆನ್ಸುಂಟು. ಆದರೆ ಲೈಸೆನ್ಸು ಬೇಟೆಯ ಅಪ್ಪಣೆಯಲ್ಲ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದಕ್ಕೆ ಬೇರೆಯೇ ಅನುಮತಿ ಬೇಕು.

ಅಪಾಯವಿರುವುದು ಹಾರಿಸುವಾಗ ಮಾತ್ರವಲ್ಲ, ತುಂಬುವಾಗಲೂ ಇದೆ. ತುಂಬಿದ್ದನ್ನು ಮರೆತು ಮತ್ತೆ ಮದ್ದು ಗಿಡಿದರೆ ನಳಿಗೆಯೇ ಸಿಡಿದೀತು. ಅದಕ್ಕೊಂದು ಸುಲಭ ಉಪಾಯ: ಬರಿದಾದ ನಳಿಗೆಯೊಳಕ್ಕೆ ಗಜವನ್ನು ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಕೊರೆಯಿರಿ. ಮುಂದೆಂದಾದರೂ ಆ ಗುರುತು ಬಾಯಿಗಿಂತ ಮೇಲೆ ನಿಂತರೆ ಒಳಗೆ ಈಡಿದೆಯೆಂದೇ ಅರ್ಥ. ಹೀಗೆ ಅಳೆಯುವ ಮುನ್ನ ಕೇಪು ತೆಗೆದಿರಬೇಕು. ಮುಖ ನಳಿಗೆಯ ನೇರಕ್ಕೆ ಬರಬಾರದು. ತುಂಬುವಾಗ ಕೇಪು ಎಲ್ಲಕ್ಕಿಂತ ಕೊನೆಗೆ.

ತೋಟಾ ಕೋವಿಯಾದರೆ ಮಡಿಸಿ ತೆರೆದು, ನಳಿಗೆಯ ಬುಡದಲ್ಲಿ ತೋಟಾ ಇಲ್ಲವೆಂಬುದನ್ನು ನೋಡಿಕೊಳ್ಳಿ. ಮ್ಯಾಗಜಿನ್ ಇರುವ ಬಂದೂಕಿನಲ್ಲಿ ಮ್ಯಾಗಜಿನ್ ಕಳಚಿದರೆ ಸಾಲದು. ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಮೊದಲು ಮ್ಯಾಗಜಿನ್, ಆಮೇಲೆ ಬುಡ. ಈ ಕ್ರಮ ತಪ್ಪಬಾರದು.

ಮಕ್ಕಳಿರುವ ಮನೆಗೆ ಕೋವಿ ಬರಿದಾಗಿಯೇ ಬರಲಿ. ನೆನಪನ್ನು ನಂಬಬೇಡಿ, ಕಣ್ಣಾರೆ ನೋಡಿ ನಂಬಿ.