ಸಂವೇದಕದ ಕಣ್ಣು ಯಾರಿಗಾಗಿ ನೋಡುತ್ತದೆ?

(ಉಪನ್ಯಾಸದ ಬರಹ ರೂಪ)



ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ, ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ. ಇಬ್ಬರಿಗೂ ಸಹ್ಯಾದ್ರಿಯೇ ತವರು. ಘಟಪ್ರಭೆ, ಮಲಪ್ರಭೆಗಳೂ ಅದೇ ಮಲೆಯ ಮಳೆನೀರನ್ನು ಹೊತ್ತು ತಂದು, ನಾರಾಯಣಪುರದ ಬಸವಸಾಗರಕ್ಕೆ ಮೊದಲೇ ಕೃಷ್ಣೆಯನ್ನು ಕೂಡಿಕೊಳ್ಳುತ್ತವೆ. ಆದ್ದರಿಂದ ಘಟ್ಟದ ಕಾಡಿಗಾಗಿ ದುಡಿಯುವವರಿಗೆ ಯಾದಗಿರಿ, ಶಹಾಪುರ, ಸುರಪುರಗಳು ಪರಸ್ಥಳಗಳಲ್ಲ. ಮಲೆಯ ನೆತ್ತಿಯ ಮೇಲೆ ಬಿದ್ದ ಹನಿ ಕೊನೆಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಈ ಬಯಲಿನಲ್ಲಿದೆ.

ಈ ಬಯಲಿನಲ್ಲಿ ಇಂದು ನೀರನ್ನೂ ಹತ್ತಿಯನ್ನೂ ಕಾರ್ಖಾನೆಯ ಕೊಳವೆಯನ್ನೂ ಹೊಸದೊಂದು ಕಣ್ಣು ನೋಡುತ್ತಿದೆ. ಅದರ ಹೆಸರು ಸಂವೇದಕ, ಜನರ ಮಾತಿನಲ್ಲಿ ಸೆನ್ಸರ್. ಶಾಖ, ಒತ್ತಡ, ತೇವ, ಹರಿವು, ಆಮ್ಲತೆ ಇವುಗಳನ್ನು ಅಳೆದು, ಅಂಕಿಯನ್ನಾಗಿ ಮಾಡಿ, ತಂತಿಯ ಮೂಲಕವೋ ಮೊಬೈಲ್ ಜಾಲದ ಮೂಲಕವೋ ದೂರದ ಕಂಪ್ಯೂಟರಿಗೆ ಕಳುಹಿಸುವುದು ಅದರ ಕೆಲಸ. ಹೀಗೆ ಒಂದಕ್ಕೊಂದು ಜೋಡಣೆಗೊಂಡ ಯಂತ್ರಗಳಿಂದ ನಡೆಯುವ ಕೈಗಾರಿಕೆಗೆ 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ 'ಇಂಡಸ್ಟ್ರಿ 4.0' ಎಂಬ ಹೆಸರು ಬಳಕೆಗೆ ಬಂದಿತು. ಉಗಿ, ವಿದ್ಯುತ್, ಕಂಪ್ಯೂಟರ್ ತಂದ ಮೂರು ಬದಲಾವಣೆಗಳ ನಂತರದ ನಾಲ್ಕನೆಯದು ಎಂಬುದು ಅದರ ಅರ್ಥ.

ಈ ವಿದ್ಯೆಯನ್ನು ಕಣ್ಣುಮುಚ್ಚಿ ಹಳಿಯುವುದು ಸರಿಯಲ್ಲ. ಬಾಯ್ಲರಿನ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಒಂದು ಸಣ್ಣ ಸಾಧನ, ಒಲೆಗೆ ಗಾಳಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಆ ಕ್ಷಣವೇ ತಿಳಿಸುತ್ತದೆ. ಗಾಳಿ ಹದವಾದರೆ ಇಂಧನ ಉಳಿಯುತ್ತದೆ, ಹೊಗೆ ತಗ್ಗುತ್ತದೆ. ಪಂಪಿನ ಕಂಪನವನ್ನು ಗಮನಿಸುವ ಸಾಧನ, ಬೇರಿಂಗ್ ಒಡೆಯುವ ಮೊದಲೇ ಎಚ್ಚರಿಸುತ್ತದೆ. ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆಯಲ್ಲಿ ಶಾಖ ಮಿತಿಮೀರುವ ಮೊದಲೇ ಕವಾಟ ಮುಚ್ಚಿಕೊಂಡರೆ ಕಾರ್ಮಿಕನ ಜೀವ ಉಳಿಯುತ್ತದೆ. ಇವೆಲ್ಲ ಪರಿಸರಕ್ಕೂ ಹಿತವಾದ ಸಂಗತಿಗಳೇ. ಪ್ರಶ್ನೆ ಇರುವುದು ಬೇರೆಡೆ: ಸಾಧನ ಅಳೆದದ್ದು ಯಾರ ಮುಂದೆ ತೆರೆದುಕೊಳ್ಳುತ್ತದೆ? ಯಾರ ಮುಂದೆ ಮುಚ್ಚಿಕೊಳ್ಳುತ್ತದೆ?

ಮೊದಲು ಸುರಪುರದ ಕಾಲುವೆಯನ್ನು ನೋಡಬಹುದು. ದೂರದಿಂದಲೇ ಯಂತ್ರವನ್ನು ಗಮನಿಸಿ ನಡೆಸುವ 'ಸ್ಕಾಡಾ' ಎಂಬ ವ್ಯವಸ್ಥೆ ಕಾರ್ಖಾನೆ, ವಿದ್ಯುತ್ ಜಾಲಗಳಲ್ಲಿ ಬೆಳೆದದ್ದು. ಅದು ಈಗ ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳಿಗೆ ಬಂದಿದೆ. ಈ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು, ಹಿಂದೆ ಸುರಪುರ ತಾಲ್ಲೂಕಿನಲ್ಲಿದ್ದು ಈಗ ಹುಣಸಗಿ ತಾಲ್ಲೂಕಿಗೆ ಸೇರಿದ ಕೊಡೇಕಲ್‌ನಲ್ಲಿ ಪ್ರಧಾನಿಯವರು ಉದ್ಘಾಟಿಸಿದರು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್, ವೆಚ್ಚ ಸುಮಾರು 4,700 ಕೋಟಿ ರೂಪಾಯಿ ಎಂದು ಸರ್ಕಾರ ಅಂದು ಪ್ರಕಟಿಸಿತು.

ಸುರಪುರ, ಶಹಾಪುರಗಳ ರೈತರಿಗೆ ಹಳೆಯ ಕಥೆ ಚೆನ್ನಾಗಿ ಗೊತ್ತು. ಕಾಲುವೆಯ ತಲೆಯಲ್ಲಿ ಭತ್ತದ ಗದ್ದೆ ತುಂಬಿ ತುಳುಕುತ್ತದೆ, ಬಾಲದಲ್ಲಿ ಹತ್ತಿ, ತೊಗರಿ ಒಣಗುತ್ತವೆ. ನೀರು ಹೆಚ್ಚಾದಲ್ಲಿ ನೆಲ ಸವಳಾಗುತ್ತದೆ, ಸಿಗದಲ್ಲಿ ಮನೆ ಮಂದಿ ಗುಳೆ ಹೋಗುತ್ತಾರೆ. ಗೇಟಿನ ಬಳಿ ಹರಿವನ್ನು ಅಳೆಯುವ ಸಾಧನ ಈ ಅನ್ಯಾಯವನ್ನು ಅಂಕಿಯಾಗಿ ತೋರಿಸಬಲ್ಲದು, ಸರಿಪಡಿಸಲೂಬಲ್ಲದು. ಆದರೆ ಅಂಕಿ ನಿಯಂತ್ರಣ ಕೊಠಡಿಯ ಪರದೆಯ ಮೇಲಷ್ಟೇ ಉಳಿದರೆ ಬಾಲದ ರೈತನಿಗೆ ಬದಲಾದದ್ದೇನು? ಹಿಂದೆ ನೀರುಗಂಟಿಯನ್ನು ಗೇಟಿನ ಬಳಿ ನಿಲ್ಲಿಸಿ ಕೇಳಬಹುದಿತ್ತು, ಜಗಳವಾಡಬಹುದಿತ್ತು. ಪರದೆಯೊಡನೆ ಜಗಳವಾಡಲು ಬರುವುದಿಲ್ಲ. ನೀರು ಬಳಕೆದಾರರ ಸಹಕಾರ ಸಂಘದ ಗೋಡೆಯ ಮೇಲೆ ದಿನದಿನದ ಹರಿವು ಕನ್ನಡದಲ್ಲಿ ಬರೆದಿದ್ದರೆ ಮಾತ್ರ ಆ ಸಾಧನ ರೈತನದ್ದಾಗುತ್ತದೆ.

ಎರಡನೆಯದು ಹತ್ತಿ. ಶಹಾಪುರ, ಯಾದಗಿರಿ ಸೀಮೆಯ ಕಪ್ಪು ನೆಲದ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಬರುತ್ತದೆ. ಅಲ್ಲಿ ಬೀಜ, ಅರಳೆ ಬೇರೆಯಾಗಿ, ಅರಳೆಯನ್ನು ಸುಮಾರು 170 ಕಿಲೋ ತೂಕದ ಬೇಲುಗಳಾಗಿ ಒತ್ತಲಾಗುತ್ತದೆ. ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಯಲ್ಲಿ ಕೊಂಡ ಹತ್ತಿಯ ಬೇಲುಗಳ ಮೇಲೆ ಈಗ ಕ್ಯೂಆರ್ ಕೋಡ್ ಇರುತ್ತದೆ. ಅದನ್ನು ಮೊಬೈಲಿಗೆ ತೋರಿಸಿದರೆ ಬೇಲು ಯಾವ ಮಿಲ್ಲಿನದು, ಯಾವಾಗ ತಯಾರಾಯಿತು ಮೊದಲಾದ ವಿವರ ತೆರೆದುಕೊಳ್ಳುತ್ತದೆ. 2025ರಲ್ಲಿ ನಿಗಮ 'ಕಪಾಸ್ ಕಿಸಾನ್' ಎಂಬ ಮೊಬೈಲ್ ಆ್ಯಪ್ ತಂದು, ರೈತರು ಅದರಲ್ಲಿಯೇ ಹೆಸರು ನೋಂದಾಯಿಸಿ, ಹತ್ತಿ ತರುವ ದಿನವನ್ನು ಗೊತ್ತುಮಾಡಿಕೊಳ್ಳುವ ಪದ್ಧತಿಯನ್ನು ಆರಂಭಿಸಿತು.

ಇಲ್ಲಿಯೂ ಒಂದು ಪುಟ್ಟ ಸಾಧನ ರೈತನ ಹಣೆಬರಹ ಬರೆಯುತ್ತದೆ. ಹತ್ತಿಯ ರಾಶಿಯೊಳಗೆ ಚುಚ್ಚುವ ತೇವಾಂಶ ಮೀಟರ್ ಅದು. ತೇವ ಶೇಕಡಾ 8ರೊಳಗಿದ್ದರೆ ಪೂರ್ಣ ಬೆಲೆ. ಅದಕ್ಕಿಂತ ಮೇಲೆ 12ರವರೆಗೆ ಬೆಲೆಯಲ್ಲಿ ಕಡಿತ. 12 ದಾಟಿದರೆ ಬಂಡಿ ತಿರುಗಿ ಹೋಗಬೇಕು. ಮಂಜು ಬಿದ್ದ ಬೆಳಗ್ಗೆ ಅಳೆದ ತೇವಕ್ಕೂ ಬಿಸಿಲೇರಿದ ಮಧ್ಯಾಹ್ನ ಅಳೆದ ತೇವಕ್ಕೂ ವ್ಯತ್ಯಾಸವಿರುತ್ತದೆ ಎಂಬುದು ಎಲ್ಲ ರೈತರಿಗೂ ತಿಳಿದದ್ದು. ಆ ಮೀಟರನ್ನು ಕೊನೆಯ ಬಾರಿ ಯಾವಾಗ ಸರಿ ನೋಡಲಾಯಿತು ಎಂದು ಕೇಳುವ ಹಕ್ಕು ರೈತನಿಗಿದೆಯೇ? ದೂರದ ನೂಲಿನ ಗಿರಣಿಯವನು ಬೇಲಿನ ಹುಟ್ಟನ್ನು ನೋಡಬಲ್ಲ. ಬೆಳೆದವನಿಗೆ ತನ್ನ ಅರಳೆ ಎಲ್ಲಿ ಹೋಯಿತು, ಎಷ್ಟಕ್ಕೆ ಹೋಯಿತು ಎಂಬುದು ಕಾಣುವುದಿಲ್ಲ. ಪಾರದರ್ಶಕತೆ ಎಂಬ ಗಾಜಿಗೆ ಒಂದೇ ಮಗ್ಗುಲಿದ್ದರೆ ಅದು ಗೋಡೆಯೇ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಯಾದಗಿರಿಯಿಂದ ರಾಯಚೂರಿಗೆ ಹೋಗುವ ರೈಲುದಾರಿಯ ಮಗ್ಗುಲಲ್ಲಿ, ಸೈದಾಪುರದ ಬಳಿ, ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶವಿದೆ. ಮೂರು ಸಾವಿರಕ್ಕೂ ಹೆಚ್ಚು ಎಕರೆ ಉಳುವ ನೆಲ ಇದಕ್ಕಾಗಿ ಹೋಗಿದೆ. ರೈಲು ಬೋಗಿಗಳ ಕಾರ್ಖಾನೆಯೊಂದು ಇಲ್ಲಿದೆ. ಔಷಧ ಮತ್ತು ರಾಸಾಯನಿಕ ಘಟಕಗಳು ಅನೇಕ ಇವೆ. ದುರ್ವಾಸನೆ, ಉಸಿರಾಟದ ತೊಂದರೆ, ಕೆಟ್ಟ ನೀರು ಎಂದು ಸುತ್ತಲಿನ ಹಳ್ಳಿಗಳ ಜನ ವರ್ಷಗಳಿಂದ ದೂರುತ್ತ ಬಂದಿದ್ದಾರೆ.

ಔಷಧ ತಯಾರಿಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಅತಿ ಮಾಲಿನ್ಯಕಾರಿಯಾದ 17 ಬಗೆಯ ಉದ್ಯಮಗಳಲ್ಲಿ ಒಂದು. ಇಂಥ ಉದ್ಯಮಗಳು ಹೊಗೆ ಮತ್ತು ತ್ಯಾಜ್ಯ ನೀರನ್ನು ಹಗಲಿರುಳು ಅಳೆಯುವ ಸಾಧನಗಳನ್ನು ಅಳವಡಿಸಿ, ಅಂಕಿಗಳನ್ನು ನೇರವಾಗಿ ಮಂಡಳಿಗಳ ಕಂಪ್ಯೂಟರಿಗೆ ಕಳುಹಿಸಬೇಕೆಂದು ಮಂಡಳಿ 2014ರ ಫೆಬ್ರವರಿಯಲ್ಲಿ ಆದೇಶಿಸಿತು. ಹನಿ ನೀರನ್ನೂ ಹೊರಬಿಡುವುದಿಲ್ಲ ಎನ್ನುವ ಘಟಕಗಳು ಹರಿವಿನ ಮೀಟರ್ ಮತ್ತು ಕ್ಯಾಮೆರಾ ಇಡಬೇಕು. ಅಂಕಿ ಮಿತಿ ದಾಟಿದರೆ ಎಚ್ಚರಿಕೆಯ ಸಂದೇಶ ಹೋಗುತ್ತದೆ.

ಕೇಳಲು ಇದು ಚೆನ್ನಾಗಿದೆ. ಆದರೆ ಸಾಧನ ಇರುವುದು ಕೊಳವೆಯ ಬಾಯಿಯಲ್ಲಿ. ಕೊಳವೆಗೆ ಬಾರದೆ ಟ್ಯಾಂಕರಿನಲ್ಲಿ ಹೋದದ್ದನ್ನು, ಮಳೆಯ ರಾತ್ರಿ ಹಳ್ಳಕ್ಕೆ ಹರಿದದ್ದನ್ನು ಅದು ಕಾಣದು. ಆಮ್ಲತೆ ಅಳೆಯುವ ಗಾಜಿನ ಕಡ್ಡಿಗೆ ಜಿಡ್ಡು ಕಟ್ಟಿದರೆ ಅದು ತಪ್ಪು ಹೇಳುತ್ತದೆ. ಆಗಾಗ ತೊಳೆದು, ಸರಿ ನೋಡುತ್ತಿರಬೇಕು. ಆ ಕೆಲಸವನ್ನು ಮಾಡಿಸುವವರು ಕಾರ್ಖಾನೆಯವರೇ. ಇನ್ನು 1974ರ ಜಲ ಕಾಯ್ದೆಯ 21ನೆಯ ಕಲಮಿನ ಪ್ರಕಾರ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬೇಕಾದ ನೀರಿನ ಮಾದರಿಯನ್ನು ನಿಗದಿತ ಕ್ರಮದಲ್ಲಿಯೇ ಸಂಗ್ರಹಿಸಬೇಕು. ಅಂದರೆ ಯಂತ್ರ ಎಷ್ಟು ಕೂಗಿದರೂ ಬಾಟಲಿ ಹಿಡಿದು ಹಳ್ಳಕ್ಕಿಳಿಯುವ ಅಧಿಕಾರಿ ಬೇಕೇ ಬೇಕು. ಸಾಧನ ಬಂದಿತೆಂದು ತಪಾಸಣೆ ತಗ್ಗಿದರೆ, ಆ ಸಾಧನವೇ ಮಾಲಿನ್ಯಕ್ಕೆ ಮರೆಯಾದೀತು.

ಹಳ್ಳಿಯವರ ಕೈಯಲ್ಲಿ ಒಂದು ಆಯುಧ ಇಲ್ಲದಿಲ್ಲ. ಪರ್ಯಾವರಣ ಸುರಕ್ಷಾ ಸಮಿತಿಯ ಪ್ರಕರಣದಲ್ಲಿ 2017ರ ಫೆಬ್ರವರಿ 22ರಂದು ಸರ್ವೋಚ್ಚ ನ್ಯಾಯಾಲಯ, ಈ ನಿರಂತರ ಅಳತೆಯ ಅಂಕಿಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಸಾರ್ವಜನಿಕರಿಗೆ ಕಾಣುವಂತಿರಬೇಕೆಂದು ನಿರ್ದೇಶಿಸಿತು. ಅಂಕಿ ಕಾರ್ಖಾನೆಯ ಖಾಸಗಿ ಆಸ್ತಿಯಲ್ಲ ಎಂಬುದು ಇದರ ತಿರುಳು. ಜಾಲತಾಣದವರೆಗೆ ಹೋಗಲಾಗದ ಅಜ್ಜಿಗೂ ಅದು ತಲುಪಬೇಕಾದರೆ ಗ್ರಾಮ ಪಂಚಾಯಿತಿಯ ಮುಂದೆ ಕನ್ನಡದ ಫಲಕ ಬೇಕು. ಜೊತೆಗೆ ಕೊಳವೆಯ ಬಾಯಿಯಲ್ಲಿರುವ ಸಾಧನ ಊರಿನ ಬಾವಿ, ಬೋರ್‌ವೆಲ್, ಹಳ್ಳಗಳ ಬಳಿಯೂ ಇರಬೇಕು. ರೋಗಿಯ ನಾಡಿ ನೋಡದೆ ವೈದ್ಯನ ಚೀಟಿಯನ್ನಷ್ಟೇ ಓದಿದರೆ ಕಾಯಿಲೆ ತಿಳಿಯುವುದಿಲ್ಲ.

ಉದ್ಯೋಗದ ಮಾತೂ ಇದರೊಡನೆ ಹೆಣೆದುಕೊಂಡಿದೆ. ಮನೆಗೊಂದು ಕೆಲಸ ಸಿಕ್ಕೀತೆಂಬ ಆಸೆಯಲ್ಲಿ ಜನ ನೆಲ ಬಿಟ್ಟುಕೊಟ್ಟರು. ಆದರೆ ಸಾಧನಗಳಿಂದ ನಡೆಯುವ ಕಾರ್ಖಾನೆಗೆ ಕೈಗಳು ಕಡಿಮೆ ಸಾಕು. ಬೇಕಾದವು ಕಲಿತ ಕೈಗಳು. ಕರ್ನಾಟಕ ಸರ್ಕಾರ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ಇಂಥ ಕಲಿಕೆಗಾಗಿ ಮೇಲ್ದರ್ಜೆಗೇರಿಸಿದೆ. ನೆಲ ಕಳೆದುಕೊಂಡ ಮನೆಯ ಮಕ್ಕಳು ಅಲ್ಲಿ ಕಲಿತು, ತಮ್ಮೂರಿನ ತ್ಯಾಜ್ಯ ನೀರಿನ ಸಾಧನವನ್ನು ತಾವೇ ಸರಿ ನೋಡುವಂತಾದರೆ ಉದ್ಯೋಗವೂ ಆದೀತು, ಕಾವಲೂ ಆದೀತು.

ಹೊಸ ವಿದ್ಯೆಯನ್ನು ತಡೆಯಬೇಕೆಂಬುದು ಈ ಮಾತುಗಳ ಉದ್ದೇಶವಲ್ಲ. ಗೇಟಿನ ಹರಿವು, ಹತ್ತಿಯ ತೇವ, ಕೊಳವೆಯ ವಿಷ ಈ ಮೂರು ಅಂಕಿಗಳೂ ಯಾರ ಬದುಕನ್ನು ಅಳೆಯುತ್ತವೆಯೋ ಅವರಿಗೇ ಮೊದಲು ತಿಳಿಯಬೇಕೆಂಬುದಷ್ಟೇ ಬೇಡಿಕೆ. ಸಹ್ಯಾದ್ರಿಯಲ್ಲಿ ಝರಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿಯುವವರಿಗೆ ಯಂತ್ರದ ಸಾಕ್ಷಿ ಬೇಕಾಗುವುದಿಲ್ಲ. ಅದೇ ನೀರು ಕಡೇಚೂರಿನ ಬಯಲಿಗೆ ಬರುವ ವೇಳೆಗೆ ಕುಡಿಯುವ ಮುನ್ನ ಅಂಕಿ ನೋಡಬೇಕಾದ ಕಾಲ ಬಂದಿದೆ. ಬಂದಿರುವುದೇ ಆದರೆ, ಆ ಅಂಕಿ ಕುಡಿಯುವವರ ಕಣ್ಣೆದುರಿಗಿರಲಿ.